ಟಿಕೆಟ್ ಬುಕ್ ಮಾಡುವ ಮುಂಚೆ

ಕಳೆದ ತಿಂಗಳು ಒಂದು ರಾತ್ರಿ, ಹನ್ನೊಂದು ದಾಟಿದ ಮೇಲೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅಂಥ ಕರೆ ನಾನು ಎತ್ತುವುದಿಲ್ಲ. ಅವತ್ತು ಯಾಕೋ ಎತ್ತಿದೆ. ಆ ಕಡೆ ಒಬ್ಬ ಹುಡುಗಿ, ನನ್ನ ಹಾಗೇ ಅಮೆರಿಕದಲ್ಲಿ ಇರುವವಳು, ಪಿಸುಮಾತಿನಲ್ಲಿ ಕನ್ನಡ. ಪರಿಚಯದವರೊಬ್ಬರು ನನ್ನ ನಂಬರ್ ಕೊಟ್ಟಿದ್ದರಂತೆ. ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಾಳೆ ಅಂತ ಕೇಳದೆಯೇ ಗೊತ್ತಾಯಿತು. ನಾನೂ ಹಾಗೆ ಮಾತಾಡಿದವಳೇ. "ಅಕ್ಕ, ನಾಳೆ ಸಂಜೆಯ ಇಂಡಿಯಾ ಫ್ಲೈಟಿಗೆ ಎರಡು ಸೀಟು ಇದೆ, ನಂಗೂ ಮಗುಗೂ. ಅವರು ಆಫೀಸಿಂದ ಬರೋದು ಏಳು ಗಂಟೆಗೆ. ಅಷ್ಟರಲ್ಲಿ ನಾವು ಹೊರಟಿರ್ತೀವಿ. ಬುಕ್ ಮಾಡ್ಬಿಡ್ಲಾ?"

ಮೊದಲು ಒಂದೇ ಮಾತು ಕೇಳಿದೆ. "ಹೊಡೀತಾರಾ? ಈಗ ಆ ಮನೆಯಲ್ಲಿ ನಿಂಗಾಗಲಿ ಮಗುಗಾಗಲಿ ಭಯ ಇದೆಯಾ?" ಇಲ್ಲ ಅಂದಳು. ಮಾತೇ ಇಲ್ಲ, ಎಂಟು ತಿಂಗಳಾಯಿತು ಅಂದಳು. "ಹಾಗಾದ್ರೆ ಬುಕ್ ಮಾಡ್ಬೇಡ" ಅಂದೆ. ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. ಆಮೇಲೆ "ನೀವೂ ಹೀಗೇ ಅಂತೀರಾ" ಅಂದು ಫೋನ್ ಇಟ್ಟಳು. ಆ 'ನೀವೂ' ಅನ್ನುವುದು ನನ್ನನ್ನು ಬಿಡುತ್ತಿಲ್ಲ. ಅವಳಿಗೆ ನಾನು ಇನ್ನೊಂದು ಬಾಗಿಲು ಮುಚ್ಚಿದವಳ ಹಾಗೆ ಕಂಡೆ. ಅವತ್ತು ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಹೇಳಲು ಪ್ರಯತ್ನ ಮಾಡುತ್ತೇನೆ.

ಖಾಲಿ ಡ್ರಾಯರ್

ಆರು ವರ್ಷದ ಹಿಂದೆ ನನ್ನ ಮಂಚದ ಮೇಲೂ ಒಂದು ಸೂಟ್‌ಕೇಸ್ ತೆರೆದಿತ್ತು. ಮಗಳಿಗೆ ಆಗ ಆರು ವರ್ಷ. ಪಕ್ಕದ ರೂಮಿನಲ್ಲಿ ಮಲಗಿದ್ದಳು. ಗಂಡ ಬೇರೆ ಊರಿಗೆ ಆಫೀಸ್ ಕೆಲಸದ ಮೇಲೆ ಹೋಗಿದ್ದರು. ನನ್ನ ಅಕ್ಕ ಭಾರತದಿಂದ ಫೋನಿನಲ್ಲಿದ್ದಳು. "ಮಗುನ ಕರ್ಕೊಂಡು ಬಂದ್ಬಿಡು. ಇಲ್ಲಿ ನಾವೆಲ್ಲಾ ಇದೀವಿ. ಮಿಕ್ಕಿದ್ದು ಆಮೇಲೆ ನೋಡೋಣ." ಅವಳ ದನಿಯಲ್ಲಿ ಎಷ್ಟು ಪ್ರೀತಿ ಇತ್ತು ಅಂದರೆ, ಆ ಮಾತಿನಲ್ಲಿ ತಪ್ಪು ಇರಬಹುದು ಅಂತ ಹೊಳೆಯಲೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಟಿಕೆಟ್ ಪುಟ ತೆರೆದಿತ್ತು. ಈ ದರ ಇನ್ನು ಹತ್ತು ನಿಮಿಷ ಮಾತ್ರ ಅಂತ ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತಿತ್ತು. ಮಗಳ ಪಾಸ್‌ಪೋರ್ಟ್ ನಂಬರ್ ಹಾಕಬೇಕಿತ್ತು. ಡ್ರಾಯರ್ ಎಳೆದೆ. ನನ್ನ ಪಾಸ್‌ಪೋರ್ಟ್ ಇತ್ತು. ಅವಳದ್ದು ಇರಲಿಲ್ಲ.

ನಾನು ವಿವೇಕದಿಂದ ನಿಂತವಳಲ್ಲ. ಪಾಸ್‌ಪೋರ್ಟ್ ಸಿಗಲಿಲ್ಲ, ಅದಕ್ಕೇ ನಿಂತೆ. ಅವರು ಅದನ್ನು ಎತ್ತಿಟ್ಟಿದ್ದರು. ಅವತ್ತು ರಾತ್ರಿ ಅವರ ಮೇಲೆ ಬಂದಷ್ಟು ಸಿಟ್ಟು ನನ್ನ ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ಕೈದಿಯ ಹಾಗೆ ಅನಿಸಿತು. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು, ದುಡ್ಡಿಲ್ಲದವರಿಗೆ ಕಾನೂನು ಸಲಹೆ ಕೊಡುವ ಒಂದು ಕಚೇರಿ ಹುಡುಕಿಕೊಂಡು ಹೋದೆ. ಪಾಸ್‌ಪೋರ್ಟ್ ಬಚ್ಚಿಟ್ಟಿದ್ದಾರೆ ಅಂತ ದೂರು ಹೇಳುವುದೇ ನನ್ನ ಉದ್ದೇಶ.

ಅಲ್ಲಿದ್ದ ಲಾಯರ್ ನನ್ನ ಮದುವೆ ಬಗ್ಗೆ ಏನೂ ಕೇಳಲಿಲ್ಲ. ಅವರು ಕೇಳಿದ್ದು ಮೂರು. ನಿನ್ನ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ದಾಖಲೆ) ಯಾವ ದಿನಾಂಕದವರೆಗೆ ಇದೆ? ಮಗು ಈ ರಾಜ್ಯದಲ್ಲಿ ಎಷ್ಟು ತಿಂಗಳಿಂದ ಇದೆ? ಪಾಸ್‌ಪೋರ್ಟ್ ಸಿಕ್ಕಿದ್ದರೆ ನೀನು ಏನು ಮಾಡುತ್ತಿದ್ದೆ? ಮೊದಲ ಎರಡಕ್ಕೆ ಉತ್ತರ ಕೊಟ್ಟೆ. ಮೂರನೆಯದಕ್ಕೆ ಅಳು ಬಂತು.

ಮೂರು ಗಡಿಯಾರ

ಅವರು ಬಿಳಿ ಹಾಳೆಯ ಮೇಲೆ ಮೂರು ಸೊನ್ನೆ ಬರೆದರು. ಒಂದು ಮದುವೆ, ಒಂದು ಮಗು, ಒಂದು ವೀಸಾ. ಮೂರೂ ಬೇರೆ ಬೇರೆ ಗಡಿಯಾರ, ಒಂದಕ್ಕೆ ಇನ್ನೊಂದರ ಸಮಯ ಗೊತ್ತಿಲ್ಲ ಅಂದರು. ಡಿವೋರ್ಸ್ ಕೊಡುವ ಜಡ್ಜ್ ವೀಸಾ ಕೊಡುವುದಿಲ್ಲ. ವೀಸಾ ನೋಡುವ ಅಧಿಕಾರಿಗೆ ನಿನ್ನ ಮಗಳು ಯಾರ ಪಕ್ಕ ಮಲಗುತ್ತಾಳೆ ಅನ್ನುವುದು ಬೇಕಿಲ್ಲ. ಹಾಗಾಗಿ ಮೂರನ್ನೂ ಒಟ್ಟಿಗೆ ನೋಡಬೇಕಾದವಳು ನೀನೊಬ್ಬಳೇ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಮೊದಲನೆಯ ಗಡಿಯಾರ ಮದುವೆಯದು. ನಾನು ಎಚ್-4 ವೀಸಾದಲ್ಲಿದ್ದೆ. ಅಂದರೆ ಅಮೆರಿಕದಲ್ಲಿ ನಾನಿರುವುದಕ್ಕೆ ಇದ್ದ ಒಂದೇ ಕಾರಣ ನನ್ನ ಗಂಡನ ಕೆಲಸದ ವೀಸಾ, ಎಚ್-1ಬಿ. ಬೇರೆ ಮನೆ ಮಾಡಿದರೂ, ಕೋರ್ಟಿಗೆ ಅರ್ಜಿ ಹಾಕಿದರೂ ಎಚ್-4 ಹೋಗುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಇನ್ನೂ ಹೆಂಡತಿಯೇ. ಆದರೆ ಡಿಕ್ರಿ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶ, ಅಂತಿಮವಾದ ದಿನ ಆ ಆಧಾರ ಮುಗಿಯಿತು. ಕೆಲಸ ಹೋದವರಿಗೆ 60 ದಿನ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು ಕೆಲಸ ಹೋದಾಗಿನ ನಿಯಮ. ಮದುವೆ ಹೋದಾಗಿನದಲ್ಲ. ಕೆಲವು ಎಚ್-4 ಹೆಂಡತಿಯರಿಗೆ 2015ರಿಂದ ಕೆಲಸದ ಪರ್ಮಿಟ್ ಸಿಗುತ್ತಿದೆ. ಅದಕ್ಕೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ನಮ್ಮದು ದಾಟಿರಲಿಲ್ಲ. ನನ್ನ ಹೆಸರಲ್ಲಿ ಸಂಬಳವಿಲ್ಲ, ಬಾಡಿಗೆ ಕರಾರಿಲ್ಲ. ಮಗಳು ಮಾತ್ರ ಅಲ್ಲಿ ಹುಟ್ಟಿದವಳು, ಅಲ್ಲಿನ ಪ್ರಜೆ. ಅವಳಿಗೆ ಆ ದೇಶದಿಂದ ಹೊರಡು ಅಂತ ಯಾರೂ ಹೇಳುವ ಹಾಗಿಲ್ಲ. ನನಗೆ ಹೇಳಬಹುದು. ಒಂದೇ ಮನೆಯಲ್ಲಿ, ಒಂದೇ ಹೊದಿಕೆಯೊಳಗೆ ಮಲಗುವ ನಮ್ಮಿಬ್ಬರ ನಡುವೆ ಇಷ್ಟು ದೊಡ್ಡ ಗೆರೆ ಇದೆ ಅಂತ ಅಲ್ಲಿಯವರೆಗೂ ನನಗೆ ಅನಿಸಿರಲೇ ಇಲ್ಲ.

(ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಪಡೆದವರ ಕಥೆ ಬೇರೆ. ಡಿವೋರ್ಸ್ ಆದರೂ, ಮದುವೆ ಪ್ರಾಮಾಣಿಕವಾಗಿತ್ತು ಅಂತ ತೋರಿಸಿ ಆ ಷರತ್ತು ತೆಗೆಸುವ ಐ-751 ಅರ್ಜಿಯನ್ನು ಒಬ್ಬರೇ ಹಾಕಬಹುದು. "ನಾನು ಸಹಿ ಹಾಕದಿದ್ದರೆ ನಿನ್ನನ್ನು ಓಡಿಸುತ್ತಾರೆ" ಅಂತ ಹೆದರಿಸುವವರಿದ್ದಾರೆ. ಅದನ್ನು ನಂಬಬೇಡಿ.)

ಎರಡನೆಯ ಗಡಿಯಾರ ಮಗುವಿನದು. ಅಮೆರಿಕದ ಹೆಚ್ಚುಕಡಿಮೆ ಎಲ್ಲಾ ರಾಜ್ಯಗಳಲ್ಲೂ ಒಂದೇ ನಿಯಮ. ಮಗು ಸತತವಾಗಿ ಆರು ತಿಂಗಳು ಎಲ್ಲಿತ್ತೋ ಅದು ಅದರ 'ಹೋಮ್ ಸ್ಟೇಟ್'. ಕಸ್ಟಡಿ ತೀರ್ಮಾನ ಮಾಡುವ ಹಕ್ಕು ಮೊದಲು ಆ ರಾಜ್ಯದ ಕೋರ್ಟಿಗೆ. ನಾನು ಮಗಳನ್ನು ಭಾರತಕ್ಕೆ ಕರೆದುಕೊಂಡು ಬಂದುಬಿಟ್ಟಿದ್ದರೂ, ಅಲ್ಲೇ ಉಳಿದ ತಂದೆ ಆರು ತಿಂಗಳೊಳಗೆ ಅಲ್ಲಿನ ಕೋರ್ಟಿಗೆ ಹೋಗಬಹುದಿತ್ತು. ನಾನು ಹಾಜರಿಲ್ಲದೆಯೇ ಆದೇಶ ಆಗಬಹುದಿತ್ತು. ಕೋರ್ಟ್ ಆದೇಶ ಮೀರಿ ಅಮೆರಿಕದ ಪ್ರಜೆಯಾದ ಮಗುವನ್ನು ಹೊರದೇಶದಲ್ಲಿ ಇಟ್ಟುಕೊಂಡವರಿಗೆ ವೀಸಾ ನಿರಾಕರಿಸಲು ಅಲ್ಲಿನ ವಲಸೆ ಕಾನೂನಿನಲ್ಲೇ ಅವಕಾಶ ಇದೆ. 1993ರ ಒಂದು ಫೆಡರಲ್ ಕಾನೂನಿನಡಿ, ಇನ್ನೊಬ್ಬ ಪೋಷಕರ ಹಕ್ಕು ತಪ್ಪಿಸಲು 16 ತುಂಬದ ಮಗುವನ್ನು ದೇಶದಿಂದ ಒಯ್ಯುವುದು ಅಪರಾಧ, ಮೂರು ವರ್ಷದವರೆಗೆ ಜೈಲು. ಲಾಯರ್ ಇದನ್ನೆಲ್ಲ ಹೇಳುವಾಗ ನಾನು "ಆದರೆ ನಾನು ಅವಳ ತಾಯಿ" ಅಂದೆ. "ಅವರು ತಂದೆ" ಅಂದರು. ಅಷ್ಟೇ. ಗದರಲಿಲ್ಲ, ಉಪದೇಶ ಮಾಡಲಿಲ್ಲ.

ಮೂರನೆಯದು, ವೀಸಾ, ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು. ನಾವೆಲ್ಲರೂ ಅದನ್ನೇ ಕೊನೆಗೆ ಇಟ್ಟುಕೊಳ್ಳುತ್ತೇವೆ. ಗಂಡ ಹೆಂಡತಿ ಜಗಳದಲ್ಲಿ ಐ-94 ಯಾರಿಗೆ ನೆನಪಾಗುತ್ತೆ? ಆದರೆ ಡಿಕ್ರಿಗೆ ಮೊದಲು ಮಾಡಬಹುದಾದ ಎಷ್ಟೋ ಕೆಲಸ ಡಿಕ್ರಿಯ ಮಾರನೆಯ ದಿನ ಮಾಡಲು ಬರುವುದಿಲ್ಲ. ನಾನು ಒಂದು ಕಾಲೇಜಿಗೆ ಸೇರಿ, ಎಚ್-4ರಿಂದ ವಿದ್ಯಾರ್ಥಿಗಳ ಎಫ್-1ಗೆ ಬದಲಾಯಿಸಲು ಅರ್ಜಿ ಹಾಕಿದೆ. ಅದು ಕೈಗೆ ಬರುವವರೆಗೆ ಡಿಕ್ರಿ ಬೇಡ ಅಂತ ಗಂಡನ ಲಾಯರಿಗೆ ಕೇಳಿಕೊಂಡೆವು. ಅವರು ಒಪ್ಪಿದರು. ಒಪ್ಪಲೇಬೇಕು ಅಂತ ಇರಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಎರಡು ಕಾಗದ, ಒಂದೇ ಕೈ

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇಷ್ಟು ವರ್ಷ ಆದರೂ ನನಗೆ ಸಮಾಧಾನ ಸಿಗದ ವಿಷಯ ಇದು. ಫ್ಯಾಮಿಲಿ ಕೋರ್ಟಿನ ಅರ್ಜಿಯಲ್ಲಿ ನಾನು ಬರೆಯಬೇಕಿತ್ತು: ನಾನು ಇಲ್ಲಿ ನೆಲೆ ನಿಂತಿದ್ದೇನೆ, ಮಗಳ ಸ್ಕೂಲು ಇಲ್ಲಿ, ಅವಳನ್ನು ಬೆಳೆಸಲು ನಾನು ಇಲ್ಲೇ ಇರುತ್ತೇನೆ. ಅದೇ ವಾರ ಎಫ್-1 ಅರ್ಜಿಯಲ್ಲಿ ಬರೆಯಬೇಕಿತ್ತು: ನನಗೆ ನನ್ನ ದೇಶದಲ್ಲಿ ಮನೆಯಿದೆ, ಅದನ್ನು ಬಿಡುವ ಉದ್ದೇಶವಿಲ್ಲ, ಓದು ಮುಗಿದ ಮೇಲೆ ಹೊರಡುತ್ತೇನೆ. ಎರಡೂ ಕಾಗದ ಒಂದೇ ಮೇಜಿನ ಮೇಲಿದ್ದವು. ಸಹಿ ಹಾಕುವ ಕೈ ಒಂದೇ. ಇದು ಸುಳ್ಳಾಗುವುದಿಲ್ಲವೇ ಅಂತ ಲಾಯರಿಗೆ ಕೇಳಿದೆ. ಎರಡರಲ್ಲೂ ನಿಜವನ್ನೇ ಬರಿ, ಒಂದಕ್ಷರ ಜಾಸ್ತಿ ಬರೆಯಬೇಡ ಅಂದರು. ಕಾನೂನು ಇರಬಹುದು ಅಂದಷ್ಟು ದಿನ ಮಗಳ ಜೊತೆ ಇರುತ್ತೇನೆ, ಹೊರಡು ಅಂದ ದಿನ ಹೊರಡುತ್ತೇನೆ. ಕೊನೆಗೆ ಹಾಗೇ ಬರೆದೆವು. ಬರೆಯುವುದು ಸುಲಭ. ಮಗಳು "ಮುಂದಿನ ವರ್ಷ ನನ್ನ ಸ್ಕೂಲ್ ನಾಟಕಕ್ಕೆ ಬರ್ತೀಯಾ ಅಮ್ಮ?" ಅಂತ ಕೇಳಿದಾಗ ಆ ವಾಕ್ಯವನ್ನು ಹೇಳುವುದು ಹೇಗೆ? ಬರ್ತೀನಿ ಅಂದೆ. ಅಂದ ತಕ್ಷಣ ಎದೆ ನಡುಗಿತು.

ತಾಯಿಯೋ ತಂದೆಯೋ, ಮಗುವಿನ ಕಸ್ಟಡಿ ಇರುವವರನ್ನು ಆ ಮಗುವಿನ ದೇಶದಲ್ಲಿ ಇರಲು ಬಿಡುವ ಒಂದು ಪ್ರತ್ಯೇಕ ವೀಸಾ ಎಚ್-4ರವರಿಗೆ ಅಲ್ಲಿ ಇಲ್ಲ. ಪ್ರಜೆಯಾದ ಮಗು ತಾಯಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಬೇಕಾದರೆ ಅದಕ್ಕೆ 21 ವರ್ಷ ತುಂಬಬೇಕು. ಅಷ್ಟು ಹೊತ್ತಿಗೆ ಅದಕ್ಕೆ ತಾಯಿಯ ಕೈ ಹಿಡಿದು ರಸ್ತೆ ದಾಟುವ ವಯಸ್ಸು ಮುಗಿದಿರುತ್ತದೆ. ಇದು ಅನ್ಯಾಯ. ಜಂಟಿ ಕಸ್ಟಡಿ ಅಂತ ಒಂದು ಕೋರ್ಟು ಆದೇಶ ಕೊಟ್ಟರೆ, ಆ ಆದೇಶವನ್ನು ಪಾಲಿಸಲು ದೇಶದೊಳಗೆ ಇರಬೇಕು ಅನ್ನುವುದು ಅಷ್ಟು ಕಷ್ಟದ ಮಾತೇ?

ಶೂ ಸೈಜ್

ನಾವಿದ್ದ ರಾಜ್ಯದಲ್ಲಿ ಮಕ್ಕಳಿರುವ ದಂಪತಿ ಡಿವೋರ್ಸಿಗೆ ಹೋದರೆ ಪೇರೆಂಟಿಂಗ್ ಕ್ಲಾಸ್ ಕಡ್ಡಾಯ. ಒಂದು ಶನಿವಾರ ಬೆಳಿಗ್ಗೆ ನಾಲ್ಕು ಗಂಟೆ ಕುಳಿತು ಕೇಳಬೇಕು. ಮಗುವಿನ ಮುಂದೆ ಒಬ್ಬರನ್ನೊಬ್ಬರು ಬೈಯಬೇಡಿ, ಮಗುವಿನ ಕೈಲಿ ಸಂದೇಶ ಕಳಿಸಬೇಡಿ, ಇಂಥವು. ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮ ಕಡೆಯವರೇ ಒಬ್ಬರು ಕುಳಿತಿದ್ದರು. ನಲವತ್ತರ ಆಸುಪಾಸು. ಪುಸ್ತಕದಲ್ಲಿ ಎಲ್ಲವನ್ನೂ ಗುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆ ಇದೆಯೇನೋ ಅನ್ನುವ ಹಾಗೆ. ವಿರಾಮದಲ್ಲಿ ಮಾತಾಡಿಸಿದರು. ಅವರ ಮಗಳಿಗೂ ಆರು ವರ್ಷ. ಹದಿನಾಲ್ಕು ತಿಂಗಳ ಹಿಂದೆ ಹೆಂಡತಿ ರಜೆಗೆ ಅಂತ ಮಗುವನ್ನು ಭಾರತಕ್ಕೆ ಕರೆದುಕೊಂಡು ಹೋದವರು ಹಿಂದಿರುಗಲಿಲ್ಲ. ಮೊದಮೊದಲು ವಾರಕ್ಕೊಂದು ವಿಡಿಯೋ ಕಾಲ್ ಇತ್ತಂತೆ. ಆಮೇಲೆ ನೆಟ್‌ವರ್ಕ್ ಇಲ್ಲ, ಮಗು ಮಲಗಿದೆ, ಮಗುವಿಗೆ ಮಾತಾಡಲು ಇಷ್ಟವಿಲ್ಲ.

ಹೊರಡುವಾಗ ಅವರು ಹಿಂಜರಿಯುತ್ತಾ ಕೇಳಿದರು. "ತಪ್ಪು ತಿಳಿಬೇಡಿ. ನಿಮ್ಮ ಮಗಳ ಶೂ ಸೈಜ್ ಎಷ್ಟು?" ಹುಟ್ಟುಹಬ್ಬಕ್ಕೆ ಶೂ ಕಳಿಸಬೇಕಿತ್ತು. ಅಳತೆ ಗೊತ್ತಿರಲಿಲ್ಲ. ಕೇಳಿದರೆ ಆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ನಾನು ಹನ್ನೆರಡು ಅಂದೆ. ಮಕ್ಕಳ ಅಳತೆಯ ಹನ್ನೆರಡು. ಅವರು ಅದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಂಡರು. "ನಿಮ್ಮವಳು ಎತ್ತರ ಇದ್ದಾಳಾ, ಸಾಧಾರಣವಾ?" ಅಂತಲೂ ಕೇಳಿದರು.

ಕಾರಿನಲ್ಲಿ ತುಂಬಾ ಹೊತ್ತು ಕುಳಿತಿದ್ದೆ. ಆ ಹೆಂಡತಿ ಯಾಕೆ ಹೋದಳೋ ನನಗೆ ಗೊತ್ತಿಲ್ಲ. ಹೋಗುವಂಥದ್ದು ಏನು ನಡೆದಿತ್ತೋ, ಅದೂ ಗೊತ್ತಿಲ್ಲ. ಒಬ್ಬರ ಮಾತು ಕೇಳಿ ತೀರ್ಪು ಕೊಡಬಾರದು. ಆದರೆ ಅವತ್ತು ನನಗೆ ಮಂಚದ ಮೇಲಿನ ಸೂಟ್‌ಕೇಸ್ ನೆನಪಾಯಿತು. ಅಂದು ಡ್ರಾಯರಿನಲ್ಲಿ ಪಾಸ್‌ಪೋರ್ಟ್ ಇದ್ದಿದ್ದರೆ, ಇಂಥದ್ದೇ ಒಂದು ಕ್ಲಾಸಿನಲ್ಲಿ ನನ್ನ ಗಂಡ ಗೊತ್ತಿಲ್ಲದ ಹೆಂಗಸೊಬ್ಬಳ ಹತ್ತಿರ ಮಗಳ ಶೂ ಸೈಜ್ ಕೇಳುತ್ತಿದ್ದರು. ನಮ್ಮ ಮದುವೆ ಎಷ್ಟೇ ಕೆಟ್ಟಿರಲಿ, ಅವಳಿಗೆ ಈಜು ಕಲಿಸಿದವರು ಅವರು. ಜ್ವರ ಬಂದರೆ ರಾತ್ರಿಯೆಲ್ಲಾ ಕೂತವರು ಅವರು. ನಾನು ಅವರ ಮೇಲಿನ ಸಿಟ್ಟಿಗೆ ಅವಳಿಂದ ಅದನ್ನು ಕಿತ್ತುಕೊಳ್ಳಲು ಹೊರಟಿದ್ದೆ. ಪಾಸ್‌ಪೋರ್ಟ್ ಎತ್ತಿಟ್ಟದ್ದು ಯಾಕೆ ಅಂತ ಎಷ್ಟೋ ದಿನದ ಮೇಲೆ ಅವರನ್ನು ಕೇಳಿದೆ. "ಹೆದರಿಕೆ ಆಯ್ತು" ಅಂದರು.

ಭಾರತಕ್ಕೆ ಬಂದುಬಿಟ್ಟರೆ ಮುಗಿಯಿತಾ?

'ಬಂದ್ಬಿಡು' ಅನ್ನುವವರ ಮನಸ್ಸಿನಲ್ಲಿ ಭಾರತ ಅಂದರೆ ದಡ. ಅಲ್ಲಿಗೆ ಮುಟ್ಟಿದರೆ ಸಾಕು. ಇದಕ್ಕೆ ಒಂದು ಕಾರಣವೂ ಇದೆ. ಒಂದು ದೇಶದಿಂದ ಇನ್ನೊಂದಕ್ಕೆ ಒಯ್ದ ಮಕ್ಕಳನ್ನು ಬೇಗ ಹಿಂದಕ್ಕೆ ಕಳಿಸಲು 1980ರ ಹೇಗ್ ಒಪ್ಪಂದ ಇದೆ. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಬಹಳ ವರ್ಷ ದೂರ ಉಳಿದಿದ್ದ ಜಪಾನ್ ಕೂಡ 2014ರಲ್ಲಿ ಸೇರಿತು. ಭಾರತ ಸೇರಿಲ್ಲ. ಸೇರಬೇಕು ಅಂತ ನಮ್ಮ ಕಾನೂನು ಆಯೋಗವೇ 2009ರಲ್ಲಿ ಹೇಳಿತ್ತು. ಸೇರಿದರೆ ಹೊಡೆತ ತಾಳಲಾರದೆ ಮಗುವಿನ ಜೊತೆ ಓಡಿ ಬಂದ ಹೆಣ್ಣುಮಕ್ಕಳನ್ನು ಮತ್ತೆ ಅಲ್ಲಿಗೇ ತಳ್ಳಿದ ಹಾಗಾಗುತ್ತದೆ ಅನ್ನುವುದು ವಿರೋಧಿಸುವವರ ಮಾತು. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಮಗುವಿಗೆ ಗಂಭೀರ ಅಪಾಯವಿದ್ದರೆ ಹಿಂದಕ್ಕೆ ಕಳಿಸಬೇಕಿಲ್ಲ ಅಂತ ಒಪ್ಪಂದದಲ್ಲೇ ಇದೆ, ನಿಜ. ಆದರೆ ಆ ಅಪಾಯವನ್ನು ಸಾಬೀತು ಮಾಡುವ ಭಾರ ಓಡಿ ಬಂದವಳ ಮೇಲೇ ಬೀಳುತ್ತದೆ.

ಒಪ್ಪಂದ ಇಲ್ಲದಿದ್ದರೂ ದಡ ಗಟ್ಟಿಯಾಗಿಲ್ಲ. ಅಲ್ಲೇ ಉಳಿದ ಪೋಷಕರು ಇಲ್ಲಿನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ, ಹಾಕಬಹುದು. ವಿದೇಶಿ ಕೋರ್ಟಿನ ಆದೇಶ ಒಂದು ಅಂಶ ಮಾತ್ರ, ಮಗುವಿನ ಹಿತವೇ ದೊಡ್ಡದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಮಗು ತಾಯಿಯ ಜೊತೆ ಇಲ್ಲೇ ಉಳಿಯಿತು. ಅದೇ ಹಿತದ ಮಾತು ಹೇಳಿ 2019ರಲ್ಲಿ, 2020ರಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಅಂದಿತು. ನಿಮ್ಮ ಮಗುವಿನದು ಯಾವ ಸಾಲಿಗೆ ಸೇರುತ್ತದೆ ಅಂತ ಟಿಕೆಟ್ ತಗೊಳ್ಳುವ ರಾತ್ರಿ ಯಾರೂ ಹೇಳಲಾರರು.

ಡಿವೋರ್ಸಿನದೂ ಇದೇ ಪಾಡು. ಅಮೆರಿಕದಲ್ಲಿ 'ಹೊಂದಾಣಿಕೆ ಇಲ್ಲ' ಅಂದರೆ ಡಿಕ್ರಿ ಸಿಗುತ್ತದೆ. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಕಾರಣವೇ ಅಲ್ಲ. ಹಾಗಾಗಿ ಒಬ್ಬರೇ ಹೋಗಿ, ಇನ್ನೊಬ್ಬರು ಹಾಜರಾಗದೆ ತಂದ ಡಿಕ್ರಿ ಇಲ್ಲಿ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1991ರಲ್ಲೇ ಹೇಳಿದೆ. ಒಂದು ದೇಶದಲ್ಲಿ ಡಿವೋರ್ಸ್ ಆದವರು, ಇನ್ನೊಂದರಲ್ಲಿ ಇನ್ನೂ ಗಂಡ ಹೆಂಡತಿ. ನಾವಿಬ್ಬರೂ ಒಪ್ಪಿ, ಹಾಜರಾಗಿ ಅಲ್ಲಿ ಮುಗಿಸಿದೆವು. ಆಮೇಲೆ ಇಲ್ಲೂ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದೆವು. ಎರಡು ಸಲ ಮುರಿದ ಹಾಗೆ ಅನಿಸಿತು. ಆದರೂ ಬೇಕಿತ್ತು.

ಭಯ ಇದ್ದರೆ

ಮೇಲೆ ಹೇಳಿದ್ದೆಲ್ಲ ಮನೆಯಲ್ಲಿ ಹೊಡೆತ ಬಡಿತ ಇಲ್ಲದವರಿಗೆ. ಇದ್ದರೆ, ಮೊದಲು ಜೀವ. ಅಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಮಾಡಿ. ರಕ್ಷಣಾ ಆದೇಶ ಕೇಳಲು ವೀಸಾ ಯಾವುದಿದೆ ಅನ್ನುವುದು ಅಡ್ಡ ಬರುವುದಿಲ್ಲ. ಹಿಂಸೆಗೆ ಒಳಗಾದ ಎಚ್-4 ಹೆಂಡತಿಯರು ಗಂಡನಿಗೆ ತಿಳಿಸದೆ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಲು ಐ-765ವಿ ಅನ್ನುವ ಫಾರಂ ಇದೆ. ಡಿವೋರ್ಸ್ ಆಗಿ ಎರಡು ವರ್ಷದವರೆಗೂ ಹಾಕಬಹುದು. ಗಂಡ ಪ್ರಜೆಯೋ ಗ್ರೀನ್ ಕಾರ್ಡಿನವರೋ ಆಗಿದ್ದರೆ, ಮನೆಯಲ್ಲಿ ಹಿಂಸೆಗೆ ಒಳಗಾದವರಿಗಾಗಿ ಇರುವ ವಾವಾ (VAWA) ಕಾನೂನಿನಡಿ ಹೆಂಡತಿ ಸ್ವಂತವಾಗಿ ಅರ್ಜಿ ಹಾಕಬಹುದು. ನಾನು ಹೇಳಿದ 1993ರ ಕಾನೂನಿನಲ್ಲೂ ಮನೆಯ ಹಿಂಸೆಯಿಂದ ತಪ್ಪಿಸಿಕೊಂಡು ಓಡಿದವರಿಗೆ ತಮ್ಮ ಪರ ವಾದಿಸಲು ಅವಕಾಶ ಕೊಟ್ಟಿದ್ದಾರೆ. ಇಂಥ ದಾರಿಗಳಿವೆ ಅಂತ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ವೀಸಾದ ಫಾರಂಗಳನ್ನು ಮನೆಯಲ್ಲಿ ತುಂಬುವವರು ಗಂಡಂದಿರು.

ಈಗ ನನ್ನ ಮಗಳಿಗೆ ಹನ್ನೆರಡು. ವಾರ ಬಿಟ್ಟು ವಾರ ಅಪ್ಪನ ಮನೆ. ಓದು ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿತು, ಸ್ವಂತ ಎಚ್-1ಬಿ ಸಿಕ್ಕಿತು. ಅದೃಷ್ಟ ಕೂಡ ಇತ್ತು. ಅದು ಲಾಟರಿ ಅಂತ ನಿಮಗೆ ಗೊತ್ತೇ ಇದೆ. ಪ್ರತಿ ಬೇಸಿಗೆ ನಾನೂ ಮಗಳೂ ಭಾರತಕ್ಕೆ ಬರುತ್ತೇವೆ. ಹೋಗುವ ದಿನ, ಬರುವ ದಿನ, ಉಳಿಯುವ ವಿಳಾಸ ಎಲ್ಲವನ್ನೂ ಅವಳ ಅಪ್ಪನಿಗೆ ಬರೆದು ಕೊಡುತ್ತೇನೆ. ಅವರು ನೋಟರಿ ಮುಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸುತ್ತಾರೆ. ಪಾಸ್‌ಪೋರ್ಟ್ ಅವರ ಮನೆಯಲ್ಲೇ ಇರುತ್ತದೆ, ಕೋರ್ಟ್ ಆದೇಶದ ಪ್ರಕಾರ. ಹೊರಡುವ ಹಿಂದಿನ ದಿನ ಮಗಳೇ ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತಾಳೆ.

ಆ ಹುಡುಗಿ ಫೋನ್ ಇಟ್ಟ ಮೇಲೆ ನಾನು ಎರಡು ಸಲ ಮೆಸೇಜ್ ಮಾಡಿದೆ. ಉತ್ತರ ಇರಲಿಲ್ಲ. ಹೊರಟೇ ಹೋದಳೇನೋ ಅಂದುಕೊಂಡಿದ್ದೆ. ಹನ್ನೊಂದನೇ ದಿನ ಒಂದು ಫೋಟೋ ಬಂತು. ಐ-94 ಪುಟದ ಫೋಟೋ, ಸ್ವಲ್ಪ ಅಲುಗಾಡಿತ್ತು. ಕೆಳಗೆ ಒಂದು ಸಾಲು: "ಅಕ್ಕ, ಇದರಲ್ಲಿ ಯಾವ ದಿನಾಂಕ ನೋಡ್ಬೇಕು?"

ಫೋನ್ ಮಾಡಿದೆ. ಈ ಸಲ ನೀರಿನ ಸದ್ದು ಇರಲಿಲ್ಲ.